ಬಸುರಿ ಹೆಂಗಸು ಕೆಲಸ ನಿಲ್ಲಿಸುವುದು ಯಾವಾಗ?

ನಮ್ಮ ವಾಚನಾಲಯಕ್ಕೆ ರವಿವಾರ ಬರುವ ಬಂಧುಗಳಲ್ಲಿ ಹೆಚ್ಚಿನವರು ಕಲಬುರ್ಗಿ, ಯಾದಗಿರಿ, ವಿಜಯಪುರ, ಬೀದರ ಕಡೆಯಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದವರು. ಪತ್ರಿಕೆ ಓದಿ ಮುಗಿದ ಮೇಲೆ ಕೆಲವರು ನಮ್ಮ ಮೇಜಿನ ಹತ್ತಿರ ಬಂದು ಅರ್ಜಿ ಬರೆಸಿಕೊಳ್ಳುವುದುಂಟು. ಹಾಗೆ ಬಂದವರು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆಯಿದೆ: “ಮನಿಯಾಕಿಗೆ ಏಳರಾಗ ನಡದದರಿ. ಕೆಲಸ ಯಾವಾಗ ಬಿಡಿಸಬೇಕ್ರಿ?” ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ತಿಳಿಯಲೆಂದು ಈ ಪಾಠವನ್ನು ಬರೆದಿದ್ದೇವೆ.

ನಾವು ವೈದ್ಯರಲ್ಲ, ವಕೀಲರೂ ಅಲ್ಲ. ಗಿರಣಿಯಲ್ಲಿ ಹಾಜರಿ ಮತ್ತು ರಜೆಯ ಲೆಕ್ಕ ಇಡುವ ಕಾರಕೂನರು. ಆದುದರಿಂದ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ, ನೂಲು ಸುತ್ತುವ ಯಂತ್ರದ ಮುಂದೆ ದಿನವಿಡೀ ನಿಂತು ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ನಮ್ಮ ಕಿಟಕಿಗೆ ಬಂದಳು. ಚೊಚ್ಚಲ ಬಸಿರು. “ಅಣ್ಣಾರ, ಕೂಸಿನ ಕೂಡ ಜಾಸ್ತಿ ದಿನ ಇರಬೇಕಂದ್ರ ರಜಾ ಯಾವಾಗಿಂದ ಬರಸಬೇಕ್ರಿ?” ಎಂದು ಕೇಳಿದಳು. “ತಂಗಿ, ಹೆರಿಗೆಗೆ ಮೊದಲು ಒಂದು ದಿನ ತಗೊಂಡ್ರ ಹೆರಿಗೆ ಆದ ಮ್ಯಾಗ ಒಂದು ದಿನ ಕಡಿಮಿ ಆಗತದ. ಆದಷ್ಟು ತಡಾ ಮಾಡಿ ಬರಸು” ಎಂದು ನಾವು ಹೇಳಿದೆವು. ಲೆಕ್ಕ ಸರಿಯಾಗಿತ್ತು, ಸಲಹೆ ತಪ್ಪಾಗಿತ್ತು. ಮುಖ, ಕೈಗಳು ಬಾತಿದ್ದನ್ನೂ ತಲೆ ಸಿಡಿಯುತ್ತಿದ್ದುದನ್ನೂ ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಎಂಟನೆಯ ತಿಂಗಳ ಕೊನೆಗೆ ಪಾಳಿಯ ನಡುವೆಯೇ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ರಕ್ತದ ಒತ್ತಡ ಬಹಳ ಏರಿತ್ತು. ಅಂದು ರಾತ್ರಿಯೇ ಶಸ್ತ್ರಕ್ರಿಯೆ ಮಾಡಿ ಕೂಸನ್ನು ತೆಗೆಯಬೇಕಾಯಿತು. ದೇವರು ದೊಡ್ಡವನು, ತಾಯಿ ಉಳಿದಳು. ಕೂಸು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತು. ನಿಂತು ಕೆಲಸ ಮಾಡಿದ್ದರಿಂದಲೇ ಒತ್ತಡ ಏರಿತೆಂದು ವೈದ್ಯರು ಹೇಳಲಿಲ್ಲ. ಆದರೆ ಎರಡು ವಾರ ಮೊದಲು ಯಂತ್ರ ಬಿಟ್ಟು ದವಾಖಾನೆಗೆ ಬಂದಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತು ಎಂದರು.

ಅಂದಿನಿಂದ ನಮಗೆ ತಿಳಿದದ್ದು ಇಷ್ಟು. ಕಾನೂನು ಹೇಳುವುದು ರಜೆಯ ಮಿತಿಯನ್ನು ಮಾತ್ರ. ಆ ಮಿತಿಯೊಳಗೆ ಯಾವ ದಿನ ನಿಲ್ಲಿಸಬೇಕೆಂಬುದನ್ನು ಆ ಹೆಂಗಸಿನ ಮೈ, ಅವಳು ಮಾಡುವ ಕೆಲಸದ ಬಗೆ, ಮನೆಯ ಖರ್ಚು ಈ ಮೂರನ್ನೂ ಕೂಡಿಸಿ ಗೊತ್ತುಮಾಡಬೇಕು. ಈ ಲೆಕ್ಕವನ್ನು ಐದನೆಯ ತಿಂಗಳಲ್ಲಿಯೇ ಕೂತು ಮಾಡಬೇಕು; ಒಂಬತ್ತರಲ್ಲಿ ಗಿರಣಿಯ ಬಾಗಿಲಲ್ಲಿ ನಿಂತು ಮಾಡಬಾರದು.

ಮೊದಲನೆಯ ಲೆಕ್ಕ: ತಾರೀಖು

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿದರೆ ಹೆರಿಗೆಯ ಅಂದಾಜು ತಾರೀಖು ಸಿಗುತ್ತದೆ. ಸುಲಭದ ದಾರಿಯೆಂದರೆ ಆ ತಾರೀಖಿಗೆ 7 ದಿನ ಕೂಡಿಸಿ ಮೂರು ತಿಂಗಳು ಹಿಂದಕ್ಕೆ ಹೋಗುವುದು. ಜನವರಿ 1ಕ್ಕೆ ಮುಟ್ಟಾಗಿದ್ದರೆ ಹೆರಿಗೆ ಅಕ್ಟೋಬರ 8ರ ಸುಮಾರಿಗೆ. ಮುಟ್ಟಿನ ತಾರೀಖು ನೆನಪಿಲ್ಲದವರು ಮೊದಲ ಮೂರು ತಿಂಗಳೊಳಗೆ ದವಾಖಾನೆಗೆ ಹೋಗಿ ಸೋನೋಗ್ರಫಿ ಮಾಡಿಸಿದರೆ ವೈದ್ಯರು ತಾರೀಖು ಬರೆದುಕೊಡುತ್ತಾರೆ.

ಇದು ಅಂದಾಜು ಎಂಬುದನ್ನು ಮರೆಯಬಾರದು. ಸರಿಯಾಗಿ ಅದೇ ದಿನ ಹೆರುವವರು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಹುಟ್ಟಿದ ಕೂಸನ್ನು ದಿನ ತುಂಬಿದ ಕೂಸೆಂದೇ ಎಣಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಸಪ್ಟೆಂಬರ 17. ಅಂದರೆ ಅಂದಿನಿಂದ ಯಾವ ದಿನವಾದರೂ ಬೇನೆ ಬರಬಹುದು. “ತಾರೀಖಿಗೆ ಇನ್ನೂ ಮೂರು ವಾರ ಅದ” ಎಂದು ದೂರದ ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ಎರಡನೆಯ ಲೆಕ್ಕ: ಕಾನೂನಿನ ಮಿತಿ

ಈ ಹಕ್ಕು ತಾನಾಗಿ ಬಂದುದಲ್ಲ. 1919ರಲ್ಲಿ ವಾಶಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಪರಿಷತ್ತು ಹೆರಿಗೆಗೆ ಮೊದಲು 6 ವಾರ, ನಂತರ 6 ವಾರ ವಿಶ್ರಾಂತಿ ಇರಬೇಕೆಂದು ಗೊತ್ತುಮಾಡಿತು. 1924ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನ ಸಭೆಯಲ್ಲಿ ಇಂಥದೇ ಒಂದು ಮಸೂದೆ ತಂದರು, ಅದು ಬಿದ್ದುಹೋಯಿತು. ಮುಂದೆ ಮುಂಬಯಿ ಪ್ರಾಂತದ ಶಾಸನ ಸಭೆಯಲ್ಲಿ ಆ ಮಾತು ಮತ್ತೆ ಎದ್ದಿತು. ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಆ ಸಭೆಯಲ್ಲಿ 1928ರ ಜುಲೈ ತಿಂಗಳಲ್ಲಿ ಡಾ. ಬಾಬಾಸಾಹೇಬ ಅಂಬೇಡಕರರು ಈ ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಗೆ ಮೊದಲು ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ರಾಷ್ಟ್ರದ ಹಿತ ಎಂಬುದು ಅವರ ವಾದದ ತಿರುಳು. 1929ರಲ್ಲಿ ಕಾನೂನಾಯಿತು. ಅದರಲ್ಲಿ ಹೆರಿಗೆಗೆ ಮೊದಲು 3 ವಾರ, ನಂತರ 4 ವಾರ ಇದ್ದವು. 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯದ ಕಾನೂನು ಬಂದು ಒಟ್ಟು 12 ವಾರವಾಯಿತು. 2017ರಲ್ಲಿ 26 ವಾರವಾಯಿತು. 2025ರ ನವೆಂಬರ 21ರಿಂದ ಈ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿಯಲ್ಲಿ ಜಾರಿಯಲ್ಲಿವೆ.

ಈಗಿರುವ ಮುಖ್ಯ ಸಂಗತಿಗಳು ಹೀಗಿವೆ:

1. ಮೊದಲ ಎರಡು ಮಕ್ಕಳಿಗೆ ಪಗಾರಸಹಿತ ರಜೆ 26 ವಾರ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಬದುಕಿರುವ ಎರಡು ಮಕ್ಕಳಿದ್ದು ಮತ್ತೆ ಬಸುರಾದವಳಿಗೆ ಒಟ್ಟು 12 ವಾರ; ಮೊದಲು ಹೆಚ್ಚೆಂದರೆ 6 ವಾರ.

2. ಹೆರಿಗೆಯ ತಾರೀಖಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಮಾಲಕರಲ್ಲಿ ಕೆಲಸ ಮಾಡಿರಬೇಕು. ದಿನಗೂಲಿಯವರಿಗೆ ಇದು ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ದಿಲ್ಲಿ ಮಹಾನಗರಪಾಲಿಕೆಯ ದಿನಗೂಲಿ ಹೆಂಗಸರ ಮೊಕದ್ದಮೆಯಲ್ಲಿ ಅವರಿಗೂ ಈ ಹಕ್ಕು ಉಂಟೆಂದು ಸುಪ್ರೀಮ್ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ.

3. ಹೆರಿಗೆಯಾದ ಮೇಲಿನ 6 ವಾರಗಳಲ್ಲಿ ಯಾವ ಮಾಲಕನೂ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು. ಅವಳೇ ಬರುತ್ತೇನೆಂದರೂ ಬರುವಂತಿಲ್ಲ.

4. ಈ ರಜೆಯ ಮೇಲಿದ್ದಾಗ ಅವಳನ್ನು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಇನ್ನು ಐದನೆಯದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ನಮ್ಮ ಕಿಟಕಿಗೆ ಬಂದ ಆ ಹೆಣ್ಣುಮಗಳಿಗೆ ನಾವು ಹೇಳಬೇಕಾಗಿದ್ದುದೂ ಅದೇ. ಕೆಲಸ ಮಾಡುವುದು, ಬಿಡುವುದು ಇವೆರಡೇ ದಾರಿಗಳಲ್ಲ, ನಡುವೆ ಮೂರನೆಯದೊಂದಿದೆ. ಹೆರಿಗೆಯ ತಾರೀಖಿಗೆ 6 ವಾರ ಮೊದಲಿನ ದಿನವನ್ನು ಗುರುತಿಸಿ, ಅದಕ್ಕೂ ಒಂದು ತಿಂಗಳು ಹಿಂದಕ್ಕೆ ಹೋಗಿರಿ. ಆ ದಿನದಿಂದ ಅವಳು ಕೇಳಿಕೊಂಡರೆ ಕಷ್ಟದ ಕೆಲಸವನ್ನಾಗಲಿ, ಬಹಳ ಹೊತ್ತು ನಿಲ್ಲುವ ಕೆಲಸವನ್ನಾಗಲಿ ಅವಳಿಗೆ ಕೊಡತಕ್ಕದ್ದಲ್ಲ. ಕೊನೆಯ 6 ವಾರಗಳಲ್ಲಿ ರಜೆ ತೆಗೆದುಕೊಳ್ಳದೆ ಕೆಲಸಕ್ಕೆ ಬರುತ್ತಿದ್ದರೂ ಇದೇ ನಿಯಮ. ಹಗುರ ಕೆಲಸ ಕೊಟ್ಟೆವೆಂದು ಪಗಾರ ಕಡಿಯುವಂತಿಲ್ಲ. ಆದರೆ ಒಂದು ಮಾತು: ಅವಳು ಕೇಳಬೇಕು. ಕೇಳದಿದ್ದರೆ ಸಿಗುವುದಿಲ್ಲ. ಬಾಯಿಮಾತಿನಲ್ಲಿ ಮುಕಾದಮನಿಗೆ ಹೇಳಿ ಸುಮ್ಮನಾಗದೆ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ ತೆಗೆದುಕೊಳ್ಳಬೇಕು.

ನಮ್ಮ ಉದಾಹರಣೆಗೆ ಮರಳೋಣ. ಹೆರಿಗೆ ಅಕ್ಟೋಬರ 8. ಹಗುರ ಕೆಲಸ ಕೇಳಬಹುದಾದ ದಿನ ಜುಲೈ 27. ಪಗಾರಿ ರಜೆ ಆರಂಭಿಸಬಹುದಾದ ಮೊದಲ ದಿನ ಅಗಸ್ಟ 13. ಅಂದಿನಿಂದಲೇ ತೆಗೆದುಕೊಂಡರೆ ಹೆರಿಗೆಯ ನಂತರ ಸುಮಾರು 18 ವಾರ ಉಳಿಯುತ್ತವೆ. 4 ವಾರ ಮೊದಲು ತೆಗೆದುಕೊಂಡರೆ 22. ಎರಡೇ ವಾರ ಮೊದಲಾದರೆ 24. ಒಟ್ಟು ಬದಲಾಗುವುದಿಲ್ಲ.

ಮೂರನೆಯ ಲೆಕ್ಕ: ಮೈ ಮತ್ತು ಕೆಲಸ

ಎಲ್ಲರಿಗೂ ಒಪ್ಪುವ ಒಂದೇ ತಾರೀಖು ವೈದ್ಯಶಾಸ್ತ್ರದಲ್ಲಿಯೂ ಇಲ್ಲ. ಮೈ ಚೆನ್ನಾಗಿದ್ದು ಕುಳಿತು ಮಾಡುವ ಹಗುರ ಕೆಲಸವಿದ್ದರೆ ದಿನ ತುಂಬುವವರೆಗೂ ಕೆಲಸ ಮಾಡಿ ಸುಖವಾಗಿ ಹೆತ್ತವರು ಬಹಳ ಮಂದಿ ಇದ್ದಾರೆ. ಅಂಥವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ನೀರು ಕುಡಿಯಬೇಕು, ಮೂತ್ರ ತಡೆದುಕೊಂಡು ಕೂರಬಾರದು. ಬಹಳ ಹೊತ್ತು ನಿಲ್ಲುವುದು, ಭಾರ ಹೊರುವುದು, ರಾತ್ರಿ ಪಾಳಿ ಇವುಗಳಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚೆಂದು ಅಭ್ಯಾಸಗಳಲ್ಲಿ ಕಂಡುಬಂದಿದೆ. ಆದುದರಿಂದ ಒಂದೇ ಕಟ್ಟಡದ ಮೂರನೆಯ ಮಹಡಿಗೆ ಬುಟ್ಟಿ ಹೊರುವವಳಿಗೂ, ಕೆಳಗೆ ಕಂಪ್ಯೂಟರಿನ ಮುಂದೆ ಕೂರುವವಳಿಗೂ ಒಂದೇ ತಾರೀಖು ಹೇಳುವುದು ನ್ಯಾಯವಲ್ಲ. ಭಾರ ಹೊರುವ ಕೆಲಸವನ್ನು ಕಾನೂನಿನ ದಿನದವರೆಗೆ ಕಾಯದೆ, ಹೊಟ್ಟೆ ಕಾಣುವ ಹೊತ್ತಿಗೇ ಬದಲಾಯಿಸಿಕೊಳ್ಳುವುದು ಮೇಲು.

ಕೆಲವರ ವಿಷಯದಲ್ಲಿ ವೈದ್ಯರ ಮಾತೇ ಕೊನೆಯದು. ಹೊಟ್ಟೆಯಲ್ಲಿ ಅವಳಿ ಇದ್ದವರು, ಹಿಂದೆ ದಿನ ತುಂಬದೆ ಹೆತ್ತವರು, ಮಾಸು ಕೆಳಗೆ ಇದೆಯೆಂದು ವೈದ್ಯರು ಹೇಳಿದವರು, ಒತ್ತಡ 140ಕ್ಕೆ 90 ಅಥವಾ ಅದಕ್ಕೂ ಮೇಲೆ ಇರುವವರು, ಮೈಯಲ್ಲಿ ರಕ್ತ ಬಹಳ ಕಡಿಮೆಯಾದವರು ತಮ್ಮ ಲೆಕ್ಕ ಬದಿಗಿಟ್ಟು ವೈದ್ಯರನ್ನು ಕೇಳಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ, 7ಕ್ಕಿಂತ ಕೆಳಗಿದ್ದರೆ ಅಪಾಯ ಎಂದು ನೆನಪಿಡಿರಿ. ಪ್ರತಿ ತಿಂಗಳ 9ನೆಯ ತಾರೀಖಿಗೆ ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಮಾಡುವ ಕಾರ್ಯಕ್ರಮ 2016ರಲ್ಲಿ ಆರಂಭವಾಗಿದೆ. ಅರ್ಧ ದಿನದ ಕೂಲಿ ಹೋದರೂ ಅದನ್ನು ತಪ್ಪಿಸಬಾರದು.

ಈ ಕೆಳಗಿನ ಯಾವುದಾದರೂ ಕಂಡರೆ ಪಾಳಿ ಮುಗಿಯಲೆಂದು ಕಾಯಬಾರದು: ನೆತ್ತರು ಹೋಗುವುದು, ನೀರು ಹೋಗುವುದು, ಬಿಡದ ತಲೆಶೂಲೆ, ಕಣ್ಣು ಮಂಜಾಗುವುದು, ಮುಖ-ಕೈ ಬಾಯುವುದು, ಫಿಟ್ಸ್, ಜ್ವರ, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಕೂಸಿನ ಮಿಸುಕಾಟ ಕಡಿಮೆಯಾಗುವುದು. 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ರಜೆಯ ಅರ್ಜಿ ನಾಳೆ ಬರೆದರೂ ನಡೆಯುತ್ತದೆ.

ಮನೆಯ ಹಿರಿಯರು, “ನಾವು ಹೊಲದಾಗ ಕಳೆ ತಗೀತಾ ಹಡದೀವಿ” ಎನ್ನುವುದುಂಟು. ಅವರ ಕಷ್ಟ ಸುಳ್ಳಲ್ಲ. ಆದರೆ ಹಾಗೆ ಹಡೆದು ಉಳಿದವರು ಮಾತ್ರ ಇಂದು ಆ ಮಾತು ಹೇಳಲು ನಮ್ಮೊಡನಿದ್ದಾರೆ. ಉಳಿಯದವರ ಮಾತನ್ನು ಕೇಳುವುದು ಹೇಗೆ?

ತವರಿನ ದಾರಿ

ನಮ್ಮವರಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಗಂಟಿದೆ. ಏಳನೆಯ ತಿಂಗಳಿಗೆ ಕುಬಸ; ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ಪದ್ಧತಿ. ತಾಯಿಯ ಮನೆಯ ಬಾಣಂತನಕ್ಕೆ ಸಮ ಬೇರೆಯಿಲ್ಲ. ಅದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಆದರೆ ತಾರೀಖು ನೋಡಿರಿ. ನಮ್ಮ ಉದಾಹರಣೆಯಲ್ಲಿ 28 ವಾರ ತುಂಬುವುದು ಜುಲೈ 16ಕ್ಕೆ. ಪಗಾರಿ ರಜೆ ಆರಂಭವಾಗುವುದು ಅಗಸ್ಟ 13ಕ್ಕೆ. ನಡುವೆ 28 ದಿನ ಇವೆ. ಕುಬಸಕ್ಕೆ ಹೋದವಳು ಅಲ್ಲಿಯೇ ಉಳಿದರೆ ಈ 28 ದಿನ ಗೈರುಹಾಜರಿಯಾಗುತ್ತವೆ. ಎಷ್ಟೋ ಕಡೆ ಹೆಸರು ಹೊಡೆದುಹಾಕುವ ಗೊಂದಲ ಹುಟ್ಟುವುದು ಇಲ್ಲಿಯೇ.

ಇದಕ್ಕೆ ಎರಡು ಉಪಾಯಗಳಿವೆ. ಕೂಡಿಟ್ಟ ಗಳಿಕೆ ರಜೆ ಇದ್ದರೆ ಅದನ್ನು ಈ ನಡುವಿನ ದಿನಗಳಿಗೆ ಬರೆಸಿ ಮಂಜೂರು ಮಾಡಿಸಿಕೊಳ್ಳುವುದು ಒಂದು. ಕುಬಸವನ್ನು ಇಲ್ಲಿಯೇ ಅಥವಾ ಎರಡು ದಿನದ ರಜೆಯಲ್ಲಿ ಮುಗಿಸಿ, ಹಗುರ ಕೆಲಸ ಕೇಳಿಕೊಂಡು ದುಡಿದು, 32 ವಾರಕ್ಕೆ ತವರಿಗೆ ಹೊರಡುವುದು ಇನ್ನೊಂದು. ಅದಕ್ಕಿಂತ ಬಹಳ ತಡಮಾಡಿ, ದಿನ ತುಂಬುವ ಹೊತ್ತಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡುತ್ತ ಹೋಗುವುದು ಬೇಡ. ಹೊರಡುವ ಮೊದಲು ವೈದ್ಯರಿಗೆ ತೋರಿಸಿರಿ. ರೈಲಿನಲ್ಲಿ ಬಸುರಿಯರಿಗೆ ಕೆಳಗಿನ ಬರ್ತಿನ ಕೋಟಾ ಉಂಟು. ಇಲ್ಲಿಯ ತಪಾಸಣೆಯ ಕಾರ್ಡು, ರಕ್ತದ ಮತ್ತು ಸೋನೋಗ್ರಫಿಯ ಕಾಗದಗಳು ಟ್ರಂಕಿನ ತಳದಲ್ಲಿರದೆ ಕೈಚೀಲದಲ್ಲಿರಲಿ. ಊರು ಮುಟ್ಟಿದ ವಾರದೊಳಗೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ತೋರಿಸಿ ಹೆಸರು ಬರೆಸಬೇಕು.

ನಾಲ್ಕನೆಯ ಲೆಕ್ಕ: ರೊಕ್ಕ

ಬಹಳ ಜನ ಕೊನೆಯ ದಿನದವರೆಗೆ ದುಡಿಯುವುದು ಹಟದಿಂದಲ್ಲ. ಖೋಲಿಯ ಬಾಡಿಗೆ ನಿಲ್ಲುತ್ತದೆಂಬ ಹೆದರಿಕೆಯಿಂದ. ಆದುದರಿಂದ ಇದು ತಿಳಿದಿರಲಿ: ಬಸುರಿನ ಪುರಾವೆ ಕೊಟ್ಟರೆ ಹೆರಿಗೆಗೆ ಮೊದಲಿನ ರಜೆಯ ಪಗಾರವನ್ನು ಮಾಲಕರು ಮುಂಗಡವಾಗಿಯೇ ಕೊಡಬೇಕು. ಉಳಿದದ್ದನ್ನು ಹೆರಿಗೆಯ ಪುರಾವೆ ತಲುಪಿದ 48 ತಾಸುಗಳೊಳಗೆ ಕೊಡಬೇಕು. ಮಾಲಕರು ಪುಕ್ಕಟೆ ವೈದ್ಯಕೀಯ ವ್ಯವಸ್ಥೆ ಮಾಡಿರದಿದ್ದರೆ ಮೇಲೆ 3,500 ರೂಪಾಯಿ ವೈದ್ಯಕೀಯ ಬೋನಸ್ಸೂ ಉಂಟು.

ಇ.ಎಸ್.ಐ. ಕಾರ್ಡು ಇದ್ದವರಿಗೆ ಈ ಹಣ ಮಾಲಕರಿಂದ ಬರದೆ ಇ.ಎಸ್.ಐ.ಯಿಂದ ಬರುತ್ತದೆ. ಅಲ್ಲಿಯೂ 26 ವಾರ, ಮೊದಲು 8 ವಾರ. ಆದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ತುಂಬಿರಬೇಕು. ಪುಣೆಯಲ್ಲಿ ಬಿಬವೇವಾಡಿಯಲ್ಲಿಯೂ ಚಿಂಚವಡದ ಮೋಹನನಗರದಲ್ಲಿಯೂ ಇ.ಎಸ್.ಐ. ದವಾಖಾನೆಗಳಿವೆ. ಪಗಾರಿನಿಂದ ವಂತಿಗೆ ಕಡಿದರೂ ನಿಮ್ಮ ಹೆಸರಿಗೆ ಜಮೆಯಾಗಿದೆಯೇ ಎಂಬುದನ್ನು ಐದನೆಯ ತಿಂಗಳಲ್ಲಿಯೇ ನೋಡಿಕೊಳ್ಳಬೇಕು.

ಇನ್ನು ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕಿ ಬಟ್ಟೆ ಒಗೆಯುವ ನಮ್ಮ ಅಕ್ಕತಂಗಿಯರ ಮಾತು. ಅವರಿಗೆ ಈ ಪಗಾರಿ ರಜೆ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಾದವರಿಗೆ ಮೊದಲ ಹೆರಿಗೆಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಇದಕ್ಕೆ ಅಂಗನವಾಡಿಯಲ್ಲಿ ವಿಚಾರಿಸಬೇಕು. ಕಟ್ಟಡದ ಕೆಲಸದವರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳದಲ್ಲಿ ಹೆಸರು ನೋಂದಾಯಿಸಿ ನವೀಕರಿಸಿಟ್ಟುಕೊಂಡಿದ್ದರೆ ಹೆರಿಗೆಗೆ ಸಹಾಯಧನ ಕೇಳಬಹುದು. ಇವು ಆರು ತಿಂಗಳ ಪಗಾರಿಗೆ ಸಮವಲ್ಲ. ಅದಕ್ಕಾಗಿಯೇ ಇಂಥ ಮನೆಗಳಲ್ಲಿ ಗಂಡನಾದವನು ಮೂರನೆಯ ತಿಂಗಳಿನಿಂದಲೇ ವಾರಕ್ಕಿಷ್ಟೆಂದು ಬೇರೆ ತೆಗೆದಿಡಬೇಕು. ಕೆಲಸದ ಮನೆಗಳಿಗೂ ಎರಡು ತಿಂಗಳು ಮೊದಲೇ ಹೇಳಿ ಬದಲಿಗೆ ನಂಬಿಕೆಯ ಒಬ್ಬಳನ್ನು ಇಟ್ಟು ಹೋದರೆ ಮರಳಿ ಬಂದಾಗ ಕೆಲಸ ಸಿಗುವುದು ಸುಲಭ.

ಕೊನೆಯ ಮಾತು

ವಾಚನಾಲಯಕ್ಕೆ ಬಂದು ಈ ಪ್ರಶ್ನೆ ಕೇಳುವವರು ಬಹುಮಟ್ಟಿಗೆ ಗಂಡಸರು. “ಕೆಲಸ ಬಿಡಿಸುವುದು” ಎಂದೇ ಕೇಳುತ್ತಾರೆ. ಬಿಡಿಸುವವರು ನಾವಲ್ಲ, ಬಿಡುವವಳು ಅವಳು. ಇಂದು ರಾತ್ರಿ ಊಟವಾದ ಮೇಲೆ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಇಬ್ಬರೂ ಕೂತುಕೊಳ್ಳಿರಿ. ಹೆರಿಗೆಯ ತಾರೀಖು, ಹಗುರ ಕೆಲಸ ಕೇಳುವ ದಿನ, ರಜೆ ಆರಂಭಿಸಬಹುದಾದ ದಿನ, 37 ವಾರ ತುಂಬುವ ದಿನ ಈ ನಾಲ್ಕಕ್ಕೂ ಗುರುತು ಹಾಕಿರಿ. ಆಮೇಲೆ ಅವಳನ್ನು ಕೇಳಿರಿ: ದಿನಕ್ಕೆ ಎಷ್ಟು ತಾಸು ನಿಲ್ಲುತ್ತೀ? ಏನು ಎತ್ತುತ್ತೀ? ಸಂಜೆ ಕಾಲು ಬಾಯುತ್ತವೆಯೇ? ಅವಳ ಉತ್ತರ ಕೇಳಿದ ಮೇಲೆ ನಿಲ್ಲಿಸುವ ದಿನ ನಿಮಗೆ ತಾನೇ ಕಾಣುತ್ತದೆ. ಅದಕ್ಕೂ ಮೊದಲು ಮೈ ಬೇಡವೆಂದರೆ, ಗುರುತು ಹಾಕಿದ ದಿನದವರೆಗೆ ಕಾಯಬಾರದು.

ಅರ್ಜಿಯಲ್ಲಿ ಹೆಸರು ಮತ್ತು ಖಾತೆ, ಹೆರಿಗೆಯ ಅಂದಾಜು ತಾರೀಖು, ರಜೆ ಯಾವಾಗಿನಿಂದ ಬೇಕು, ಹಣ ಯಾರ ಕೈಗೆ ಕೊಡಬೇಕು ಈ ನಾಲ್ಕು ಸಂಗತಿಗಳಿದ್ದರೆ ಸಾಕು. ಜೊತೆಗೆ ವೈದ್ಯರ ಚೀಟಿ. ಬರೆಯಲು ಬಾರದವರು ಸಂಕೋಚಪಡಬೇಕಾಗಿಲ್ಲ. ರವಿವಾರ ಮುಂಜಾನೆ ತಪಾಸಣೆಯ ಕಾರ್ಡು ತೆಗೆದುಕೊಂಡು ವಾಚನಾಲಯಕ್ಕೆ ಬಂದರೆ ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆದುಕೊಡುತ್ತೇವೆ. ಈಗ ನಾವು ತಾರೀಖಿಗಿಂತ ಮೊದಲು, “ತಂಗಿ, ಮೈ ಹ್ಯಾಂಗದ?” ಎಂದು ಕೇಳುತ್ತೇವೆ.